ಸಾಹುಕಾರರಿಗೆ ಹೊದಿಸಿದ ಶಾಲು

ನಮ್ಮ ಅತ್ತೆಯವರು ಧಾರವಾಡದವರು. ಮಾವನವರು ತೀರಿಕೊಂಡ ಮೇಲೆ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ನೆಲೆಸಿದರು. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಇಂಗ್ಲಿಷು ಬರುವುದಿಲ್ಲ, ಫ್ರೀವೇ ಹತ್ತಿದ ಕೂಡಲೇ ಕಣ್ಣು ಮುಚ್ಚಿಕೊಂಡು ರಾಮಸ್ಮರಣೆಗೆ ತೊಡಗುತ್ತಾರೆ. ಆದರೂ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿರುಗಾಟ ಅವರದೇ. ನಮ್ಮ ಬೀದಿಯ ತಿರುವಿನಿಂದ ಸನ್ನಿವೇಲ್ ಕಡೆಗೆ ಒಂದು ಬಸ್ಸು ಹೋಗುತ್ತದೆ. ದಾರಿಯಲ್ಲಿ ಲೈಬ್ರರಿ ಸಿಗುತ್ತದೆ, ಕೊನೆಗೆ ದೇವಸ್ಥಾನ ಸಿಗುತ್ತದೆ. ಲೈಬ್ರರಿಯಲ್ಲಿ ಇವರಂಥ ನಾಲ್ಕಾರು ಹಿರಿಯರು ಸೇರುತ್ತಾರೆ. ಓದುವುದು ಅಷ್ಟಕ್ಕಷ್ಟೆ. ಸೊಸೆಯಂದಿರ ವಿಚಾರ ವಿನಿಮಯ ಆಗುತ್ತದೆ ಎಂದು ನನ್ನ ಗುಮಾನಿ.

ಆ ಬಸ್ಸನ್ನು ಅವರು ‘ನನ್ನ ಬಸ್ಸು’ ಎಂದೇ ಕರೆಯುವುದು. ಹತ್ತಲು ಕಷ್ಟಪಡುವವರನ್ನು ಕಂಡರೆ ಡ್ರೈವರು ಒಂದು ಗುಂಡಿ ಒತ್ತುತ್ತಾನೆ, ಬಸ್ಸು ಉಸ್ಸೆಂದು ಒಂದು ಬದಿಗೆ ತಗ್ಗುತ್ತದೆ. ಮೊದಲ ದಿನ ಅದನ್ನು ನೋಡಿ ಬಂದ ಅತ್ತೆಯವರು ಅಡುಗೆಮನೆಯಲ್ಲಿ ನಿಂತು ನನಗೆ ಹೇಳಿದ್ದರು, “ನಮ್ಮಲ್ಲೆ ಬಸ್ಸಿನ ಹಿಂದ ನಾವು ಓಡಬೇಕಿತ್ತು ನೋಡವಾ. ಇಲ್ಲೆ ಬಸ್ಸು ನನ್ನ ಮುಂದ ಮಂಡಿ ಊರತೈತಿ.”

ಆ ಬಸ್ಸನ್ನು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂತು. ಸ್ಟಾಪಿನ ಕಂಬಕ್ಕೆ ಒಂದು ಹಳದಿ ನೋಟೀಸು ಕಟ್ಟಿದ್ದರು. ಜನ ಸಾಲದು, ಹಾಗಾಗಿ ಈ ಮಾರ್ಗವನ್ನು ಕೈಬಿಡುವ ಪ್ರಸ್ತಾಪ ಪ್ರಾದೇಶಿಕ ಸಾರಿಗೆ ಮಂಡಳಿಯ ಮುಂದೆ ಬರಲಿದೆ ಎಂದು ಅದರಲ್ಲಿತ್ತು. ನಾನು ಓದಿ ಹೇಳಿದೆ. ಅತ್ತೆಯವರು ಅಂದು ಊಟಕ್ಕೆ ಕೂತರೂ ತುತ್ತು ಎತ್ತಲಿಲ್ಲ.

“ವಾರದ ಕೊನೇಲಿ ನಾವು ಕರ್ಕೊಂಡ್ ಹೋಗ್ತೀವಲ್ಲ ಅತ್ತೆ,” ಎಂದೆ.

“ನೀವು ಕರಕೊಂಡು ಹೋಗೂದು ಬ್ಯಾರೆ, ನಾ ಹೋಗೂದು ಬ್ಯಾರೆ,” ಎಂದರು. “ಬಸ್ ಹೋತಂದ್ರ ನಾ ನಿಮ್ಮ ಕಾರಿನಾಗ ಇಡೂ ಸಾಮಾನ ಆಗ್ತೇನಿ. ನಿಮಗ ಪುರಸೊತ್ತಾದಾಗ ಇಡ್ರಿ, ಪುರಸೊತ್ತಾದಾಗ ಇಳಸ್ರಿ.”

ಅವರು ಹೇಳಿದ್ದು ನಿಜವಾಗಿತ್ತು.

ಆ ಮಂಡಳಿಯಲ್ಲಿ ನಮ್ಮ ಊರಿನ ಪರವಾಗಿ ಕೂತವರು ಬೇರೆ ಯಾರೂ ಅಲ್ಲ, ನನ್ನ ಹಳೆಯ ಬಾಸು. ಜರ್ಮನಿಯವರು. ಅತ್ತೆಯವರ ಬಾಯಲ್ಲಿ ಮೊದಲಿನಿಂದಲೂ ಅವರು ‘ಸಾವ್ಕಾರ್ರು.’ ನಾನು ಒಮ್ಮೆ ನಮ್ಮ ಮೈಸೂರಿನ ರೂಢಿಯಂತೆ ‘ನಮ್ಮ ಯಜಮಾನರು’ ಎಂದದ್ದಕ್ಕೆ, ಯಜಮಾನ ಅನ್ನುವ ಮಾತು ತಮ್ಮ ಮಗನಿಗೆ ಮೀಸಲು ಎಂದು ತಿದ್ದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಸಾಹುಕಾರರೇ.

ಸಾಹುಕಾರರು ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಬೇಕರಿಯವನ ಮಗನಾಗಿ ಹುಟ್ಟಿದವರು. ಅಪ್ಪ ನಸುಕಿನಲ್ಲಿ ಎದ್ದು ಹಿಟ್ಟು ನಾದುತ್ತಿದ್ದನಂತೆ. ಮಗನಿಗೆ ಹಿಟ್ಟಿಗಿಂತ ಯಂತ್ರದ ಮೇಲೆ ಮೋಹ. ಮೆಕ್ಯಾನಿಕ್ ಕೆಲಸ ಕಲಿತು, ಒಂದು ವರ್ಷಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಬಂದು, ಇಲ್ಲಿಯ ಒಬ್ಬ ಸ್ಕೂಲು ಟೀಚರನ್ನು ಮದುವೆಯಾಗಿ, ಒಂದು ವರ್ಷದ ಲೆಕ್ಕ ಮರೆತರು. ಸನ್ನಿವೇಲಿನ ಒಂದು ಷೆಡ್ಡಿನಲ್ಲಿ ಬ್ರೆಡ್ಡು ಕತ್ತರಿಸುವ ಯಂತ್ರ ಮಾಡಲು ಶುರುಮಾಡಿದರು. ಸುತ್ತಲಿನ ಷೆಡ್ಡುಗಳಲ್ಲಿ ಜನ ಕಂಪ್ಯೂಟರಿನ ಚಿಪ್ಪು, ಸಾಫ್ಟ್‌ವೇರು ಅಂತ ಕುಣಿಯುತ್ತಿದ್ದಾಗ ಇವರು ಮಾತ್ರ ಬ್ಲೇಡು ಮಸೆಯುತ್ತಿದ್ದರು. ಆ ಷೆಡ್ಡುಗಳು ಎಷ್ಟೋ ಸಲ ಬಾಗಿಲು ಮುಚ್ಚಿ ಬೋರ್ಡು ಬದಲಿಸಿದವು. ಬ್ರೆಡ್ಡು ತಿನ್ನುವವರು ಮಾತ್ರ ಎಲ್ಲ ಕಾಲದಲ್ಲೂ ಇದ್ದರು.

ನಾನು ಅಲ್ಲಿ ಫೋನು ಎತ್ತುವ ಕೆಲಸಕ್ಕೆ ಸೇರಿದವಳು. ಎಲ್ಲೋ ಒಂದು ಬೇಕರಿಯಲ್ಲಿ ಬ್ಲೇಡು ಸಿಕ್ಕಿಹಾಕಿಕೊಂಡರೆ ಮೊದಲ ಬೈಗುಳ ನನಗೆ. ಬೈಗುಳವನ್ನು ಕೇಳಿಸಿಕೊಂಡು, ಅದರಿಂದ ಯಂತ್ರದ ರೋಗ ಏನೆಂದು ಕಂಡುಹಿಡಿಯುವುದನ್ನು ಸಾಹುಕಾರರೇ ಕಲಿಸಿದರು. ಅವರದು ಕಡ್ಡಿ ಮುರಿದಂಥ ಮಾತು. ಕೆಲಸ ಚೆನ್ನಾಗಿದ್ದರೆ ಏನೂ ಹೇಳುತ್ತಿರಲಿಲ್ಲ. ಚೆನ್ನಾಗಿಲ್ಲದಿದ್ದರೆ ಹತ್ತಿರ ಬಂದು, ಚೆನ್ನಾಗಿಲ್ಲ ಎಂದು ಹೇಳಿ, ಹೋಗುತ್ತಿದ್ದರು. ಮೊದಲ ವರ್ಷ ನಾನು ಬಾತ್‌ರೂಮಿಗೆ ಹೋಗಿ ಅತ್ತದ್ದುಂಟು. ಆಮೇಲೆ ಅದೇ ಹಿತವೆನಿಸತೊಡಗಿತು. ನಮ್ಮ ನೆಂಟರಿಷ್ಟರ ಹಾಗೆ ಮುಖಕ್ಕೆ ಒಂದು, ಬೆನ್ನಿಗೆ ಒಂದು ಎಂಬುದಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಉಡುಗೊರೆ ಎಂದರೆ ಚೇಳು ಕಂಡವರಂತೆ ಹಿಂದೆ ಸರಿಯುತ್ತಿದ್ದರು. ಉಕ್ಕು ಮಾರುವವರು ಕ್ರಿಸ್‌ಮಸ್ಸಿಗೆ ವೈನು ಕಳಿಸಿದರೆ ಬಾಟಲಿ ಊಟದ ಮೇಜಿನ ಮೇಲೆ ಎಲ್ಲರಿಗೂ. ಜೊತೆಗೆ, ಕಳಿಸಿದವರ ಆರ್ಡರನ್ನು ಆ ವರ್ಷ ತಾವು ನೋಡದೆ ಬೇರೆಯವರ ಕೈಗೆ ಕೊಡುತ್ತಿದ್ದರು. ನಾನು ದೀಪಾವಳಿಗೆ ಒಯ್ದ ಮೈಸೂರುಪಾಕಿಗೂ ಅದೇ ಗತಿ. ಆ ವರ್ಷ ನನ್ನ ಸಂಬಳದ ವಿಚಾರವನ್ನು ಅವರ ಹೆಂಡತಿ ತೀರ್ಮಾನಿಸಿದರು. ಆಕೆ ಎರಡು ತುಂಡು ತಿಂದಿದ್ದರೂ ಧಾರಾಳವಾಗಿಯೇ ತೀರ್ಮಾನಿಸಿದರು.

ವಯಸ್ಸಾದ ಮೇಲೆ ಕಂಪನಿ ಮಾರಿದರು. ನಾನು ಬೇರೆ ಆಫೀಸು ಸೇರಿಕೊಂಡೆ. ಸಾಹುಕಾರರಿಗೆ ಮಾತ್ರ ಮನೆಯಲ್ಲಿ ಕೂರಲು ಬರಲಿಲ್ಲ. ಅವರ ಮನೆಯ ಮುಂದಿನ ಫುಟ್‌ಪಾತು ಮರದ ಬೇರಿನಿಂದ ಎದ್ದಿತ್ತು. ಅದನ್ನು ಸರಿಮಾಡಿ ಎಂದು ನಗರಸಭೆಯ ಮೀಟಿಂಗಿಗೆ ಹೋದರು. ಅಲ್ಲಿ ಮಾತಾಡಲು ಕೊಟ್ಟ ಕಾಲಕ್ಕಿಂತ ಮೊದಲೇ ತಮ್ಮ ಮಾತು ಮುಗಿಸಿ, ಉಳಿದ ಸಮಯ ಸುಮ್ಮನೆ ನಿಂತಿದ್ದರಂತೆ. ಅದನ್ನು ನೋಡಿಯೇ ಜನ ಮರುಳಾದರು ಎಂದು ಕಾಣುತ್ತದೆ. ಮುಂದಿನ ಚುನಾವಣೆಗೆ ನಿಂತರು.

ಪ್ರಚಾರಕ್ಕೆ ನಾನೂ ಜೊತೆಯಲ್ಲಿ ಹೋದೆ, ನಮ್ಮವರ ಮನೆಗಳನ್ನು ತೋರಿಸಲು. ಮೊದಲ ಬಾಗಿಲಲ್ಲೇ ಕಾಫಿ ಬೇಕೇ ಎಂದರೆ ಬೇಡ ಎಂದುಬಿಟ್ಟರು. ಮನೆಯಾಕೆಯ ಮುಖ ಬಾಡಿತು. ಮೆಟ್ಟಿಲಿಳಿಯುವಾಗ ನಾನು ಬುದ್ಧಿ ಹೇಳಿದೆ, ನಮ್ಮವರಲ್ಲಿ ಕಾಫಿ ಬೇಡವೆಂದರೆ ನಿಮ್ಮ ಸಹವಾಸವೇ ಬೇಡ ಎಂದ ಹಾಗೆ ಎಂದು. ಆಮೇಲೆ ಅವರು ಒಂದು ಮನೆಯನ್ನೂ ಬಿಡದೆ ಕುಡಿದರು. ಸಂಜೆಯ ಹೊತ್ತಿಗೆ ಕೈ ನಡುಗುತ್ತಿತ್ತು, ಮಾತು ಎಂದಿನ ಎರಡರಷ್ಟು ವೇಗ. ಗೆದ್ದರು. ನಗರಸಭೆ ಅವರನ್ನು ತನ್ನ ಪ್ರತಿನಿಧಿಯಾಗಿ ಸಾರಿಗೆ ಮಂಡಳಿಗೆ ಕಳಿಸಿತು. ಬಸ್ಸಿನ ವಿಷಯ ಅವರ ಕೈಗೆ ಬಂದದ್ದು ಹೀಗೆ.

“ನಿಮ್ಮ ಸಾವ್ಕಾರ್ರಿಗೆ ಹೇಳು,” ಎಂದರು ಅತ್ತೆಯವರು. “ಅವರು ನಮ್ಮ ಮನೀ ರೊಟ್ಟಿ ಉಂಡಾರ.”

ಕೇಳಿದೆ. ಪ್ರಸ್ತಾಪ ಮೀಟಿಂಗಿಗೆ ಬರುವ ಮುಂಚೆ ತಾನು ಯಾರಿಗೂ ಏನೂ ಹೇಳುವುದಿಲ್ಲ ಎಂದರು. ಅಷ್ಟೆ. ಅದನ್ನು ಮನೆಗೆ ಬಂದು ಹೇಳಿದರೆ ಅತ್ತೆಯವರು, ದೊಡ್ಡ ಮನುಷ್ಯರು ಮಾಡುವ ಕೆಲಸವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಖಂಡಿತ ನಮ್ಮ ಕಡೆಯೇ ಎಂದು ಅರ್ಥ ಮಾಡಿಕೊಂಡರು. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡೆ. ಲೈಬ್ರರಿಯ ಹಿರಿಯರೆಲ್ಲ ಹಾಗೇ ಅಂದುಕೊಂಡರು. ಇಷ್ಟಾದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು.

ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮ ಹತ್ತಿರವಿತ್ತು. ಮಂಡಳಿಯ ಮೀಟಿಂಗು ಅದರ ಮುಂದಿನ ವಾರ. ಸಂಘದ ಅಧ್ಯಕ್ಷರು ಉಡುಪಿ ಕಡೆಯ ನಿವೃತ್ತ ಇಂಜಿನಿಯರು. ಅವರೂ ಅದೇ ಬಸ್ಸಿನಲ್ಲಿ ಓಡಾಡುವವರು. ನಾನು ಅವರಿಗೆ ಫೋನು ಮಾಡಿ, ಬೇಡ ಸಾರ್, ಅವರು ಯಾವ ಉಡುಗೊರೆಯನ್ನೂ ತಗೊಳ್ಳಲ್ಲ, ಎಡವಟ್ಟಾಗತ್ತೆ ಎಂದೆ.

“ನೀವೊಬ್ರು ಮಾರಾಯ್ರೆ,” ಎಂದರು. “ಶಾಲು ಉಡುಗೊರೆ ಅಲ್ಲ, ಗೌರವ ಅಲ್ವಾ? ಒಂದು ಶಾಲು ಹೊದಿಸಿದ್ರೆ ಯಾರಿಗೆ ಎಂತ ಆಗ್ತದೆ?”

ಶಾಲು ಕೊಟ್ಟವರು ನಮ್ಮ ಅತ್ತೆಯವರೇ. ಮಾವನವರು ಹೆಡ್‌ಮಾಸ್ತರರಾಗಿದ್ದವರು, ನಿವೃತ್ತಿಯಾದ ವರ್ಷ ಹೋದಲ್ಲೆಲ್ಲ ಶಾಲು. ಅವನ್ನೆಲ್ಲ ಅತ್ತೆಯವರು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಲ್ಲಿಯವರೆಗೆ ತಂದಿದ್ದರು. ಅದರಲ್ಲಿ ಅತ್ಯಂತ ಒಳ್ಳೆಯದನ್ನು, ಜರಿಯಂಚಿನ ಕೆಂಪನೆಯದನ್ನು ಆರಿಸಿ, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿಸಿದರು. ಮಾಡಿದವಳು ನಾನು.

ಯುಗಾದಿಯ ದಿನ ಒಂದು ಸ್ಕೂಲಿನ ಸಭಾಂಗಣದಲ್ಲಿ ಸೇರಿದೆವು. ಸಾಹುಕಾರರನ್ನು ಅತಿಥಿಯೆಂದು ಕರೆದಿದ್ದರೇ ಹೊರತು ಸನ್ಮಾನದ ಸುಳಿವು ಕೊಟ್ಟಿರಲಿಲ್ಲ. ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಅಧ್ಯಕ್ಷರು ಮೈಸೂರು ಪೇಟ ತೊಡಿಸಿದರು, ಅದು ಅವರ ದೊಡ್ಡ ತಲೆಗೆ ಸಾಲದೆ ನೆತ್ತಿಯ ಮೇಲೆ ಕೂತಿತು. ಹಣ್ಣಿನ ಬುಟ್ಟಿ ಕೊಟ್ಟರು. ನಮ್ಮ ಅತ್ತೆಯವರು ಹೋಗಿ ಶಾಲು ಹೊದಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಸಾಹುಕಾರರ ಮುಖವನ್ನೇ ನೋಡುತ್ತಿದ್ದೆ. ಎದ್ದು ಹೊರಟುಬಿಡುತ್ತಾರೇನೋ ಎಂದು ನನಗೆ ದಿಗಿಲು. ಅವರು ಏಳಲಿಲ್ಲ. ಶಾಲಿನ ಎರಡೂ ಅಂಚನ್ನು ಎದೆಯ ಬಳಿ ಹಿಡಿದುಕೊಂಡು, ಸಣ್ಣ ಹುಡುಗನ ಹಾಗೆ ಕೂತಿದ್ದರು. ಕಣ್ಣು ತುಂಬಿತ್ತು. ಅಷ್ಟು ವರ್ಷ ಅವರ ಕೈಕೆಳಗೆ ದುಡಿದಿದ್ದೇನೆ, ನಾನು ಅದನ್ನು ಕಂಡಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನನಗಾಗಿ ಕಾಯುತ್ತಿದ್ದರು. ಶಾಲನ್ನು ಮಡಿಕೆ ಕೆಡದಂತೆ ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದರು.

“ಇದನ್ನು ಕೊಟ್ಟವರು ಆ ಬಸ್ಸಿನಲ್ಲಿ ಓಡಾಡುವವರಲ್ಲವೇ?” ಎಂದು ಕೇಳಿದರು.

ಹೌದೆಂದೆ. ಅಧ್ಯಕ್ಷರ ಮಾತನ್ನೇ ಒಪ್ಪಿಸಿದೆ, ಇದು ಉಡುಗೊರೆಯಲ್ಲ, ಗೌರವ ಎಂದು.

“ಅದು ನನಗೂ ತಿಳಿಯಿತು. ಅದಕ್ಕೇ ಕಷ್ಟ,” ಎಂದರು. “ಇನ್ನು ಆ ಬಸ್ಸಿನ ವಿಷಯದಲ್ಲಿ ನಾನು ಮತ ಹಾಕುವ ಹಾಗಿಲ್ಲ.”

ಒಂದು ಶಾಲಿಗೆ ಯಾವ ಕಾನೂನೂ ಅಡ್ಡ ಬರುವುದಿಲ್ಲ, ಬೇಕಾದರೆ ವಕೀಲರನ್ನು ಕೇಳಿ ಎಂದೆ. ಕೇಳಿದರೆ ಅಡ್ಡ ಬರುವುದಿಲ್ಲ ಎಂದೇ ಅವರು ಹೇಳುತ್ತಾರೆ, ಆದರೆ ಮುಂದಿನ ವಾರ ಮತ ಹಾಕಬೇಕಾದವನು ನಾನು, ವಕೀಲರಲ್ಲ ಎಂದರು. ಹಾಗಿದ್ದರೆ ಶಾಲು ನನ್ನ ಕೈಗೆ ಕೊಡಿ, ನಾನೇ ವಾಪಸು ಮಾಡುತ್ತೇನೆ ಎಂದೆ. ಅವರು ಶಾಲನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡರು.

“ನಿಮ್ಮ ಅತ್ತೆಯವರು ಎಲ್ಲರ ಮುಂದೆ ಹೊದಿಸಿದ್ದಾರೆ. ಹಿಂದಕ್ಕೆ ಕೊಟ್ಟರೆ ಅವರಿಗೆ ಅವಮಾನವಾಗುವುದಿಲ್ಲವೇ?”

ಆಗುತ್ತದೆ ಎಂದು ಒಪ್ಪಿಕೊಳ್ಳಬೇಕಾಯಿತು.

“ಹಾಗಾದರೆ ಶಾಲು ಇಟ್ಟುಕೊಳ್ಳುತ್ತೇನೆ. ಮತ ಬಿಡುತ್ತೇನೆ,” ಎಂದು ಕಾರು ಹತ್ತಿದರು. ಹಣ್ಣಿನ ಬುಟ್ಟಿಯನ್ನು ಅಷ್ಟರಲ್ಲಾಗಲೇ ಸಭಾಂಗಣದಲ್ಲಿದ್ದ ಮಕ್ಕಳಿಗೆ ಹಂಚಿಯಾಗಿತ್ತು.

ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. “ನಮ್ಮ ಕೈಯಾರೆ ನಾವು ಹಾಳು ಮಾಡಿಕೊಂಡ್ವಿ ನೋಡು,” ಎಂದರು. ಅವರ ಧ್ವನಿ ಕೇಳಿ ನನಗೆ ಅಧ್ಯಕ್ಷರ ಮೇಲೂ, ಸಾಹುಕಾರರ ಮೇಲೂ, ಅಮೆರಿಕದ ಮೇಲೂ ಸಿಟ್ಟು ಬಂತು. ಜರ್ಮನಿಯ ಮೇಲೆ ಇನ್ನೂ ಜಾಸ್ತಿ ಬಂತು. ಊರಿನಲ್ಲಿ ರಾಜಕಾರಣಿಗಳು ಒಂದೇ ವಾರದಲ್ಲಿ ಹತ್ತು ಕಡೆ ಶಾಲು ಹೊದ್ದು, ಹತ್ತು ಕಡೆಗೂ ಒಂದೇ ಸೇತುವೆಯ ಮಾತು ಕೊಟ್ಟು, ನೆಮ್ಮದಿಯಾಗಿ ನಿದ್ದೆ ಮಾಡುವುದಿಲ್ಲವೇ?

ಮೀಟಿಂಗಿಗೆ ನಾನು ಆಫೀಸಿನಿಂದ ಬೇಗ ಹೊರಟು ಅತ್ತೆಯವರನ್ನು ಕರೆದುಕೊಂಡು ಹೋದೆ. ಲೈಬ್ರರಿಯ ಹಿರಿಯರೆಲ್ಲ ಬಂದು ಒಂದು ಸಾಲು ಹಿಡಿದಿದ್ದರು. ಮೇಲೆ ಅರ್ಧಚಂದ್ರದ ಮೇಜಿನ ಹಿಂದೆ ಮಂಡಳಿಯವರು. ನಮ್ಮ ಬಸ್ಸಿನ ಸರದಿ ಬಂದಾಗ ಸಾಹುಕಾರರು ಮೈಕನ್ನು ಹತ್ತಿರ ಎಳೆದುಕೊಂಡು, ಈ ಮಾರ್ಗದ ಪ್ರಯಾಣಿಕರು ತನಗೆ ಶಾಲು ಹೊದಿಸಿ ಗೌರವಿಸಿದ್ದಾರೆ, ಆದ್ದರಿಂದ ತಾನು ಈ ಚರ್ಚೆಯಲ್ಲೂ ಮತದಲ್ಲೂ ಇರುವುದಿಲ್ಲ ಎಂದು ಹೇಳಿ ಎದ್ದರು. ನಮ್ಮ ಸಾಲಿನ ಪಕ್ಕದಲ್ಲೇ ಹಾದು ಹೊರಗೆ ಹೋದರು. ಅತ್ತೆಯವರು ತಲೆ ಎತ್ತಿ ನೋಡಲಿಲ್ಲ.

“ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರಲ್ಲ, ಹಾಗಾಯ್ತು,” ಎಂದು ಸಂಘದ ಅಧ್ಯಕ್ಷರು ಗೊಣಗಿದರು. ಪೂಜಾರಿ ಯಾರು ಎಂದು ಕೇಳುವಷ್ಟು ಸಿಟ್ಟು ನನಗಿತ್ತು.

ಹಿರಿಯರು ಒಬ್ಬೊಬ್ಬರಾಗಿ ಮಾತಾಡಿದರು. ಅತ್ತೆಯವರೂ ಎದ್ದು ಕನ್ನಡದಲ್ಲೇ ಮಾತಾಡಿದರು, ನಾನು ಇಂಗ್ಲಿಷಿಗೆ ತಂದೆ. ಆಮೇಲೆ ಮತ. ಪರದೆಯ ಮೇಲೆ ಹಸಿರು ಕೆಂಪು ದೀಪಗಳು ಮೂಡಿದವು. ಬಸ್ಸು ನಿಲ್ಲಿಸಬೇಕೆಂದವರು, ಬೇಡವೆಂದವರು ಸಮಸಮ. ಏನಾಯಿತೆಂದು ನಮಗೆ ತಿಳಿಯಲೇ ಇಲ್ಲ. ಅಧ್ಯಕ್ಷೆಯಾಗಿ ಕೂತಿದ್ದಾಕೆ, ಬಹುಮತ ಬಾರದ್ದರಿಂದ ಪ್ರಸ್ತಾಪ ಬಿದ್ದುಹೋಯಿತು, ಮಾರ್ಗ ಈಗಿರುವಂತೆಯೇ ಮುಂದುವರಿಯುತ್ತದೆ ಎಂದು ಓದಿದರು. ನಾನು ಅತ್ತೆಯವರ ಕಿವಿಯಲ್ಲಿ ಹೇಳಿದೆ. ಅವರು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಚರ್ಮಕ್ಕೆ ಒತ್ತಿ ಗುರುತು ಬಿತ್ತು. ನಾನೂ ಅತ್ತೆ, ಅಂದರೆ ಕಣ್ಣೀರು ಹಾಕಿದೆ. ಸಂಘದ ಅಧ್ಯಕ್ಷರು ಎಲ್ಲರಿಗೂ ಐಸ್‌ಕ್ರೀಮು ಕೊಡಿಸಿದರು.

ಬಸ್ಸೇನೋ ಉಳಿಯಿತು. ಸಾಹುಕಾರರ ಮಾನ ಮಾತ್ರ ನಮ್ಮ ಅತ್ತೆಯವರಲ್ಲಿ ಉಳಿಯಲಿಲ್ಲ. ಶಾಲು ಹೊದ್ದುಕೊಂಡು ಕೈ ಕೊಟ್ಟ ಮನುಷ್ಯ, ನಮ್ಮ ಪುಣ್ಯ ಗಟ್ಟಿಯಿತ್ತು, ಇಲ್ಲದಿದ್ದರೆ ಮುಳುಗಿಸುತ್ತಿದ್ದ ಎಂದು ಲೈಬ್ರರಿಯಲ್ಲಿ ಹೇಳಿಕೊಂಡು ಬಂದರು. ಅಷ್ಟರಲ್ಲಿ ಸಾಹುಕಾರರ ಫೋನು ಬಂತು. ಶನಿವಾರ ಬೆಳಿಗ್ಗೆ ನಿಮ್ಮ ಅತ್ತೆಯವರನ್ನು ನೋಡಬೇಕು, ಒಂದು ವಿಷಯ ಹೇಳುವುದಿದೆ ಎಂದರು.

ಬಂದರು. ಮನೆಗೆ ಬಂದವರಿಗೆ ಊಟ ಹಾಕದೆ ಬೈಯುವ ಪದ್ಧತಿ ನಮ್ಮ ಅತ್ತೆಯವರಲ್ಲಿಲ್ಲ, ಹಾಕಿ ಬೈಯುತ್ತಾರೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಬಡಿಸಿ, ಎದುರಿಗೆ ಕೂತು ನನಗೆ ಹೇಳಿದರು, “ಕೇಳವರನ್ನ. ನಡುನೀರಿನಾಗ ಬಿಟ್ಟು ಯಾಕ ಎದ್ದು ಹೋದ್ರಿ ಅಂತ ಕೇಳು.”

ಕೇಳಿದೆ. ಸಾಹುಕಾರರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು.

“ನಾನು ಅಲ್ಲಿ ಕೂತಿದ್ದರೆ ನಿಮ್ಮ ಬಸ್ಸು ನಿಂತುಹೋಗುತ್ತಿತ್ತು,” ಎಂದರು. “ನಾನು ನಿಲ್ಲಿಸಬೇಕು ಎನ್ನುವವನಾಗಿದ್ದೆ.”

ನಾನು ಅನುವಾದ ಮಾಡದೆ ಅವರನ್ನೇ ನೋಡಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಆ ಬಸ್ಸು ತಮ್ಮ ಮನೆಯ ಮುಂದೆಯೇ ಹೋಗುತ್ತದೆ, ಹೆಚ್ಚುಪಾಲು ಖಾಲಿ. ಕಾರ್ಖಾನೆಯಲ್ಲಿ ಮಾರಾಟವಾಗದ ಯಂತ್ರವನ್ನು ತಾವು ಒಂದು ದಿನವೂ ಮಾಡಿದವರಲ್ಲ. ಸನ್ಮಾನಕ್ಕೆ ಮುಂಚೆಯೇ ಮನಸ್ಸು ಗಟ್ಟಿಮಾಡಿಕೊಂಡಾಗಿತ್ತು. ಈಗಲೂ ಅಭಿಪ್ರಾಯ ಅದೇ.

“ಅವರು ನನ್ನನ್ನು ತಮ್ಮವನೆಂದು ತಿಳಿದು ಶಾಲು ಹೊದಿಸಿದರು. ತಪ್ಪು ತಿಳಿದು ಕೊಟ್ಟ ಗೌರವವನ್ನು ಇಟ್ಟುಕೊಳ್ಳುವುದು ಸರಿಯಲ್ಲ. ಅದಕ್ಕೆ ಹೇಳಲು ಬಂದೆ. ಈಗ ಅವರು ಕೇಳಿದರೆ ಶಾಲು ವಾಪಸು ಕೊಡುತ್ತೇನೆ. ಕಾರಿನಲ್ಲಿದೆ.”

ಈ ಮಾತುಗಳನ್ನು ಸ್ವಲ್ಪ ಬೆಲ್ಲ ಸವರಿ ಹೇಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಮನಸ್ಸು ಬರಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಹೇಳಿದೆ. ಅತ್ತೆಯವರು ಈಗ ಏನು ಮಾಡಿದರೂ ಮಾಡಬಹುದಿತ್ತು, ನಾನು ತಡೆಯುತ್ತಿರಲಿಲ್ಲ. ಅವರು ಎದ್ದು ಒಳಗೆ ಹೋಗಿ, ಇನ್ನೊಂದು ಬಿಸಿ ರೊಟ್ಟಿ ತಂದು ಸಾಹುಕಾರರ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟರು.

“ಶಾಲು ಇರಲಿ ಅನ್ನು,” ಎಂದರು. “ಈ ಬಸ್ಸಿನ ಮಾತು ಮತ್ತ ಓಟಿಗೆ ಬರ್ತೈತೇನು ಕೇಳು.”

ಬರುವ ವರ್ಷ ಮತ್ತೆ ಬಂದೇ ಬರುತ್ತದೆ ಎಂದರು ಸಾಹುಕಾರರು.

“ಹಂಗಾದ್ರ ಒಂದು ವಾರ ಮೊದಲ ತಿಳಸ್ರಿ ಅನ್ನು. ಟ್ರಂಕಿನಾಗ ಇನ್ನೂ ಶಾಲು ಅದಾವ.”

ಹೇಳಿದೆ. ಸಾಹುಕಾರರು ಅಗಿಯುವುದನ್ನು ನಿಲ್ಲಿಸಿದರು. ಇನ್ನೊಮ್ಮೆ ಹೊದಿಸಿದರೆ ತಾನು ಇನ್ನೊಮ್ಮೆ ಎದ್ದು ಹೋಗಬೇಕಾಗುತ್ತದೆ, ಅದು ಅವರಿಗೆ ಗೊತ್ತಿದೆಯೇ ಎಂದು ಬಹಳ ಗಂಭೀರವಾಗಿ ಕೇಳಿದರು.

ಅತ್ತೆಯವರು ಚಟ್ನಿಪುಡಿಯ ಬಟ್ಟಲನ್ನು ಅವರ ಕಡೆ ಸರಿಸಿದರು.

“ಗೊತ್ತೈತಿ ಅನ್ನು. ಅದಕ್ಕಽ ಹೊದಸೂದು.”